ಅರೇಬಿಕ್ ಬರೆಯೋಕೆ ಎದುರಿಗೊಬ್ಬರು ಬೇಕು

ದುಬೈನ ಖಾಸಗಿ ಶಾಲೆಗಳಲ್ಲಿ ಅರಬ್ಬರಲ್ಲದ ಮಕ್ಕಳಿಗೂ 9ನೇ ತರಗತಿವರೆಗೆ ಅರೇಬಿಕ್ ಕಡ್ಡಾಯ. ಅಲ್ಲಿರೋ ಕನ್ನಡದ ಅಪ್ಪ-ಅಮ್ಮಂದಿರೇ, ಪಾಸಾದ್ರೆ ಸಾಕು ಅಂತ ಬಿಟ್ಟುಬಿಡಬೇಡಿ.

28 ಅಕ್ಷರ, ಬಲದಿಂದ ಎಡಕ್ಕೆ ಬರಹ. ಪದದಲ್ಲಿ ಕೂರೋ ಜಾಗ ನೋಡಿ ಅಕ್ಷರದ ಆಕಾರ ಬದಲಾಗುತ್ತೆ. ಇದನ್ನ ಕಾಪಿ ಬರೆದು ಕಲಿಯಬಹುದು. ನಿಜವಾದ ಕಷ್ಟ ಬೇರೆ ಇದೆ.

ಶಾಲೆಯ ಅರೇಬಿಕ್‌ನಲ್ಲಿ ‘ಹೇಗಿದ್ದೀಯ?’ ಅನ್ನೋಕೆ ಹುಡುಗನಿಗೆ ‘ಕೈಫ ಹಾಲುಕ’, ಹುಡುಗಿಗೆ ‘ಕೈಫ ಹಾಲುಕಿ’. ಬರೆದರೆ ಮಾತ್ರ ಎರಡೂ ಒಂದೇ! ನಮ್ಮ ‘ಕ’ಕ್ಕೆ ಗುಡಿಸು ಕೊಟ್ಟರೆ ‘ಕಿ’. ಅಲ್ಲಿ ಹ್ರಸ್ವ ಸ್ವರದ ಗುರುತನ್ನ ಸಾಮಾನ್ಯವಾಗಿ ಹಾಕೋದಿಲ್ಲ. ಆದರೆ ‘ಬರೆ’ ಅನ್ನೋಕೆ ಹುಡುಗನಿಗೆ ‘ಉಕ್ತುಬ್’, ಹುಡುಗಿಗೆ ‘ಉಕ್ತುಬೀ’. ಇಲ್ಲಿ ಬರಹವೇ ಬೇರೆ. ನಾವು ನೀನೋ ನೀವೋ ಅಂತ ಯೋಚಿಸೋ ಹಾಗೆ, ಅಲ್ಲಿ ಎದುರಿಗಿರೋದು ಹುಡುಗನೋ ಹುಡುಗಿಯೋ ಅಂತ ನೋಡಬೇಕು.

ಹಾಗಾಗಿ ನೋಟ್‌ಬುಕ್ ತುಂಬಿಸಿದ್ರಷ್ಟೇ ಸಾಲದು. ಪಕ್ಕದ ಫ್ಲ್ಯಾಟ್‌ನ ಅರಬ್ ಗೆಳೆಯನಿಗೋ ಗೆಳತಿಗೋ ಎರಡು ಸಾಲಿನ ಚೀಟಿ ಬರೆಯಲಿ. ತಪ್ಪಿದ್ದರೆ ಅವರೇ ತಿದ್ದಲಿ. ನಾಚಿಕೊಳ್ಳದೆ ತಿದ್ದಿಸಿಕೊಳ್ಳೋದು, ‘ಶುಕ್ರನ್’ ಅನ್ನೋದು, ಮತ್ತೆ ಬರೆಯೋದು: ಹದಿಮೂರರ ವಯಸ್ಸಲ್ಲಿ ಇದೂ ಒಂದು ಪಾಠವೇ. ಈ ಸಲದ ಈದ್ ಶುಭಾಶಯ ಫಾರ್ವರ್ಡ್ ಬೇಡ, ಮಗುವಿನ ಕೈಬರಹದಲ್ಲೇ ಹೋಗಲಿ.