ಹಲಗೆಯೋ, ಕಡತವೋ? — ದಿನಬಳಕೆಯ ಕೆಲಸಕ್ಕೆ ಟ್ಯಾಬ್ಲೆಟ್ ಸಾಕೇ?

ಹೊಸದೊಂದು ಸಾಧನ ಕೈಗೆ ಬಂದಾಗಲೆಲ್ಲ ಹಳೆಯದರ ಕಾಲ ಮುಗಿಯಿತೇ ಎಂಬ ಪ್ರಶ್ನೆ ಏಳುವುದು ಸಹಜ. ಇಂದು ಆ ಪ್ರಶ್ನೆ ಟ್ಯಾಬ್ಲೆಟ್ಟು ಮತ್ತು ಲ್ಯಾಪ್‌ಟಾಪುಗಳ ವಿಷಯದಲ್ಲಿ ಎದ್ದಿದೆ. ರಾಜಗೋಪಾಲನಗರ, ಹೆಗ್ಗನಹಳ್ಳಿ, ಲಗ್ಗೆರೆಗಳ ಮನೆಗಳಲ್ಲಿ ಇದು ಬರಿಯ ಚರ್ಚಾಸ್ಪರ್ಧೆಯ ವಿಷಯವಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವ ತಂದೆಯೂ, ಗಾರ್ಮೆಂಟ್ಸಿಗೆ ಹೋಗುವ ತಾಯಿಯೂ ಕೂಡಿಸಿಟ್ಟ ಹಣದಲ್ಲಿ ಮಕ್ಕಳಿಗೆ ಕೊಡಿಸಬಹುದಾದುದು ಒಂದೇ ಯಂತ್ರ. ಪದವಿಯ ವರ್ಷಗಳನ್ನೂ, ಅನಂತರ ಕೆಲಸ ಹುಡುಕುವ ಕಾಲವನ್ನೂ ಅದೇ ದಾಟಿಸಬೇಕು. ಆದುದರಿಂದ ಇವೆರಡರ ಗುಣದೋಷಗಳನ್ನು ಶಾಂತವಾಗಿ ತೂಗಿ ನೋಡುವುದು ಒಳ್ಳೆಯದು.

ನಮ್ಮ ಹಿರಿಯರ ಬಳಿ ಬರವಣಿಗೆಗೆ ಎರಡು ಉಪಕರಣಗಳಿದ್ದವು. ಒಂದು, ಮಕ್ಕಳು ಅಕ್ಷರ ತಿದ್ದುವ ಹಲಗೆ. ಇನ್ನೊಂದು, ವರ್ತಕರೂ ಶಾನುಭೋಗರೂ ಲೆಕ್ಕ ಬರೆಯುತ್ತಿದ್ದ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿದ್ದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಹಲಗೆಯನ್ನು ಹಿಡಿಯುವುದು ಸುಲಭ. ಕಡತದಲ್ಲಿ ದೀರ್ಘ ಲೆಕ್ಕ ನಿಲ್ಲುತ್ತಿತ್ತು. ಟ್ಯಾಬ್ಲೆಟ್ ಇಂದಿನ ಹಲಗೆಯಾದರೆ, ಮಡಿಸುವ ಲ್ಯಾಪ್‌ಟಾಪ್ ಇಂದಿನ ಕಡತ.

ಕೀಲಿಮಣೆಯಿಲ್ಲದ ಗಣಕವು ನಮ್ಮ ಊರಿಗೆ ಪರದೇಶದಿಂದಲೇ ಬಂದುದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ, ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರೂ ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. ಅದರ ಕೀರ್ತಿ 2001ರ ವೇಳೆಗೆ ಲೋಕದಲ್ಲೆಲ್ಲ ಹರಡಿತ್ತು. ಕಡ್ಡಿಯಿಂದ ಪರದೆಯನ್ನು ಮುಟ್ಟಿ ನಡೆಸುವ ಈ ಯಂತ್ರವು ಓದಲು ಬಾರದವರಿಗೂ ನೆರವಾಗಬೇಕೆಂಬುದು ಅವರ ಆಶಯವಾಗಿತ್ತು. ನಮ್ಮ ನೆರೆಯ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ ಅದು 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ, ಸುಮಾರು ಹತ್ತು ಸಾವಿರ ರೂಪಾಯಿಗಳಿಂದ ಮೊದಲ್ಗೊಂಡು ಮಾರಾಟಕ್ಕೆ ಬಂದಿತು. ಅದು ನಿರೀಕ್ಷಿಸಿದಷ್ಟು ಹರಡಲಿಲ್ಲವೆಂಬುದು ವಿಷಾದದ ಸಂಗತಿ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಟ್ಯಾಬ್ಲೆಟ್ಟು ಮನೆಮಾತಾಯಿತು.

ನಮ್ಮ ರಾಜ್ಯದ ಸರಕಾರವೂ ಈ ಎರಡು ದಾರಿಗಳನ್ನೂ ತುಳಿದು ನೋಡಿದೆ. 2019-20ನೆಯ ಸಾಲಿನಲ್ಲಿ ಸರಕಾರಿ ಪ್ರಥಮದರ್ಜೆ ಕಾಲೇಜುಗಳ ಮೊದಲ ವರ್ಷದ ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಕೊಡಲಾಯಿತು. ಮರುವರ್ಷ ಮಹಾಮಾರಿಯಿಂದ ತರಗತಿಗಳು ಮುಚ್ಚಿದವು. 2021ರ ಜೂನ್ ತಿಂಗಳಲ್ಲಿ ಸರಕಾರಿ ಪದವಿ, ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚುವ ಯೋಜನೆ ಆರಂಭವಾಯಿತು. ಪಾಠವನ್ನು ಕೇಳುವುದು, ನೋಡುವುದು, ಓದುವುದು ಅಂದಿನ ತುರ್ತು ಅವಶ್ಯಕತೆಯಾಗಿತ್ತು. ಅದಕ್ಕೆ ಟ್ಯಾಬ್ಲೆಟ್ ತಕ್ಕ ಸಾಧನವೇ ಹೌದು. ಆದರೆ ತರಗತಿಗಳು ತೆರೆದ ಮೇಲೆ ಕೆಲಸದ ಸ್ವರೂಪ ಬದಲಾಗುತ್ತದೆ. ಪ್ರಬಂಧ, ಪ್ರಾಜೆಕ್ಟು, ಲೆಕ್ಕಪತ್ರಗಳ ಸರದಿ ಬರುತ್ತದೆ.

ಇವೆರಡರ ಮುಖ್ಯ ಭೇದವೇನು? ಸಾಮಾನ್ಯ ಟ್ಯಾಬ್ಲೆಟ್ಟಿನ ಮಿದುಳು ಮೊಬೈಲ್ ಫೋನಿನ ಜಾತಿಗೆ ಸೇರಿದುದು. ಅದಕ್ಕೆ ವಿದ್ಯುತ್ತು ಕಡಮೆ ಸಾಕು. ಬಿಸಿ ಹೆಚ್ಚಾಗದುದರಿಂದ ಬೀಸಣಿಗೆಯೂ ಬೇಡ. ಆದುದರಿಂದಲೇ ಅದು ಹಗುರ. ಒಮ್ಮೆ ವಿದ್ಯುತ್ತು ತುಂಬಿದರೆ ಸಾಮಾನ್ಯವಾಗಿ ಎಂಟು ಹತ್ತು ಗಂಟೆ ನಡೆಯುತ್ತದೆ. ಆದರೆ ವಿಂಡೋಸ್ ವ್ಯವಸ್ಥೆಗಾಗಿ ಬರೆದ ತಂತ್ರಾಂಶಗಳು ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನ ಮೇಲೆ ನೇರವಾಗಿ ನಡೆಯುವುದಿಲ್ಲ. ಇದೊಂದು ಮಾತನ್ನು ನೆನಪಿಟ್ಟರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಓದುವ ವಿಷಯದಲ್ಲಿ ಟ್ಯಾಬ್ಲೆಟ್ಟಿನದೇ ಮೇಲುಗೈ. ಪುಸ್ತಕದ ಪುಟ ಉದ್ದ, ಲ್ಯಾಪ್‌ಟಾಪಿನ ಪರದೆ ಅಗಲ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಗ್ರಂಥವನ್ನು ಲ್ಯಾಪ್‌ಟಾಪಿನಲ್ಲಿ ಓದುವಾಗ ಪುಟವನ್ನು ಅರ್ಧರ್ಧವಾಗಿ ಸರಿಸುತ್ತಿರಬೇಕು. ಹತ್ತು ಅಂಗುಲದ ಟ್ಯಾಬ್ಲೆಟ್ಟನ್ನು ನೆಟ್ಟಗೆ ಹಿಡಿದರೆ ಪುಟವೆಲ್ಲ ಒಮ್ಮೆಗೇ ಕಾಣುತ್ತದೆ. ಮೆಟ್ರೋದಲ್ಲಿ ನಿಂತೇ ಪ್ರಯಾಣ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ಬರೆಯುವ ವಿಷಯ ಹಾಗಲ್ಲ, ಅದರಲ್ಲಿಯೂ ಕನ್ನಡದ ಬರವಣಿಗೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಕೆ.ಪಿ. ರಾವ್ ಅವರ ಕೀಲಿವಿನ್ಯಾಸದಲ್ಲಿ ಆರು ಕೀಲಿಗಳನ್ನು ಒತ್ತಬೇಕು. ನಿಜವಾದ ಕೀಲಿಮಣೆಯ ಮೇಲೆ ಪಳಗಿದ ಬೆರಳುಗಳು ನೋಡದೆಯೇ ಇದನ್ನು ಮಾಡಿಬಿಡುತ್ತವೆ. ಗಾಜಿನ ಮೇಲೆ ಬೆರಳಿಗೆ ಗುರುತು ಸಿಕ್ಕದು. ಕಣ್ಣು ಕೀಲಿಯ ಮೇಲೆಯೇ ಇರಬೇಕು. ಜೊತೆಗೆ ಪರದೆಯ ಒಂದು ದೊಡ್ಡ ಭಾಗವನ್ನು ಕೀಲಿಮಣೆಯೇ ನುಂಗುತ್ತದೆ. ಮಾತನ್ನು ಕೇಳಿ ಬರೆದುಕೊಳ್ಳುವ ಸೌಕರ್ಯ ಗೂಗಲ್ಲಿನಲ್ಲಿ ಕನ್ನಡಕ್ಕೆ 2017ರಲ್ಲಿಯೇ ಬಂದಿದೆ. ಚಿಕ್ಕ ಟಿಪ್ಪಣಿಗೆ ಅದು ಚೆನ್ನು. ಆದರೆ ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಯಲ್ಲಿ, ರಾತ್ರಿಪಾಳಿ ಮುಗಿಸಿದವರು ಮಲಗಿರುವಾಗ, ಇಪ್ಪತ್ತು ಪುಟದ ಪ್ರಬಂಧವನ್ನು ಗಟ್ಟಿಯಾಗಿ ಹೇಳಿ ಬರೆಸುವುದು ಹೇಗೆ? ಇನ್ನೊಂದು ತೊಡಕೂ ಉಂಟು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತಗಳು ಯೂನಿಕೋಡಿನಲ್ಲಿ ಇಲ್ಲ. ಅವನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವುದುಂಟು.

ಇನ್ನು ಉದ್ಯೋಗದ ಮಾತು. ವಾಣಿಜ್ಯದ ಮಿತ್ರರು ಕಲಿಯುವ ಟ್ಯಾಲಿ ನಮ್ಮ ಬೆಂಗಳೂರಿನದೇ ತಂತ್ರಾಂಶ. ಅದು ನಡೆಯುವುದು ವಿಂಡೋಸ್ ಮೇಲೆ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಬಿಲ್ಲು ಬರೆಯುವವರೂ, ಯಂತ್ರಭಾಗಗಳ ನಕ್ಷೆ ತೆಗೆಯುವವರೂ ದೊಡ್ಡ ಪರದೆ ಹಾಗೂ ಕೀಲಿಮಣೆಗಳ ಮುಂದೆಯೇ ಕುಳಿತಿರುತ್ತಾರೆ. ನಕ್ಷೆಯನ್ನು ಲೇತಿನ ಬಳಿಗೆ ಒಯ್ದು ತೋರಿಸಲು, ಗೋದಾಮಿನ ಸರಕನ್ನು ಗುರುತುಹಾಕಲು ಟ್ಯಾಬ್ಲೆಟ್ ಒಳ್ಳೆಯದು. ಅಂದರೆ, ಸಿದ್ಧವಾದುದನ್ನು ನೋಡುವ ಕೆಲಸ ಹಲಗೆಗೆ, ಹೊಸದಾಗಿ ಸಿದ್ಧಪಡಿಸುವ ಕೆಲಸ ಕಡತಕ್ಕೆ ಎಂಬ ವಿಭಾಗವು ಕಾರ್ಖಾನೆಗಳಲ್ಲಿಯೂ ನಡೆದುಬಂದಿದೆ.

‘ಟ್ಯಾಬ್ಲೆಟ್ಟಿಗೆ ಬೇರೆ ಕೀಲಿಮಣೆಯನ್ನು ಜೋಡಿಸಿದರಾಯಿತಲ್ಲ?’ ಎಂದು ಕೆಲವರು ಕೇಳಬಹುದು. ಬರವಣಿಗೆಯ ಕಷ್ಟ ಅದರಿಂದ ಬಹುಮಟ್ಟಿಗೆ ಪರಿಹಾರವಾಗುವುದು ನಿಜ. ಆದರೆ ಕೀಲಿಮಣೆ, ಬರೆಯುವ ಕಡ್ಡಿ, ಹೊದಿಕೆಗಳ ಬೆಲೆಯನ್ನೆಲ್ಲ ಕೂಡಿಸಿದಾಗ ಮೊತ್ತವು ಬಳಸಿದ ಲ್ಯಾಪ್‌ಟಾಪಿನ ಬೆಲೆಯನ್ನು ಮುಟ್ಟಿಬಿಡಬಹುದು; ತಂತ್ರಾಂಶದ ಕೊರತೆ ಮಾತ್ರ ಹಾಗೆಯೇ ಉಳಿಯುತ್ತದೆ. ರಿಪೇರಿಯ ವಿಚಾರವೂ ಮುಖ್ಯ. ಹಲವು ಲ್ಯಾಪ್‌ಟಾಪುಗಳಲ್ಲಿ ಸ್ಮೃತಿ, ಸಂಗ್ರಹ, ಬ್ಯಾಟರಿಗಳನ್ನು ಬಿಚ್ಚಿ ಬದಲಿಸಬಹುದು. ಎಸ್.ಪಿ. ರಸ್ತೆಯ ಅಂಗಡಿಗಳು ಬದುಕಿರುವುದೇ ಇಂಥ ಕೆಲಸದಿಂದ. ಟ್ಯಾಬ್ಲೆಟ್ಟುಗಳನ್ನು ಸಾಮಾನ್ಯವಾಗಿ ಅಂಟು ಹಾಕಿ ಮುಚ್ಚಿರುತ್ತಾರೆ. ಗಾಜು ಒಡೆದರೆ ವೆಚ್ಚ ಭಾರಿ. ಅಗ್ಗದ ಟ್ಯಾಬ್ಲೆಟ್ಟುಗಳಿಗೆ ತಂತ್ರಾಂಶದ ಪರಿಷ್ಕರಣವೂ ಕೆಲವೇ ವರ್ಷಗಳಲ್ಲಿ ನಿಂತುಹೋಗುತ್ತದೆ.

ಹಾಗಾದರೆ ನಿರ್ಣಯವೇನು? ಪಾಠ ಕೇಳುವುದು, ಗ್ರಂಥಗಳನ್ನು ಓದುವುದು, ಕೈಬರಹದ ಟಿಪ್ಪಣಿ, ಪತ್ರವ್ಯವಹಾರ, ವಿದ್ಯಾರ್ಥಿವೇತನದ ಅರ್ಜಿ—ಇಷ್ಟೇ ದಿನಬಳಕೆಯ ಕೆಲಸವಾದರೆ ಟ್ಯಾಬ್ಲೆಟ್ ಸಾಕು. ದೀರ್ಘ ಬರವಣಿಗೆ, ಲೆಕ್ಕಪತ್ರ, ನಕ್ಷೆ, ಪ್ರೋಗ್ರಾಮಿಂಗ್‌ಗಳಲ್ಲಿ ಯಾವುದಾದರೊಂದು ಬೇಕಾದರೆ, ಮನೆಯಲ್ಲಿ ಒಂದೇ ಯಂತ್ರಕ್ಕೆ ಅವಕಾಶವಿರುವಾಗ, ಹಳೆಯದಾದರೂ ಲ್ಯಾಪ್‌ಟಾಪೇ ಲೇಸು. ಏಕೆಂದರೆ ಲ್ಯಾಪ್‌ಟಾಪಿನಲ್ಲಿ ತುಸು ಕಷ್ಟಪಟ್ಟಾದರೂ ಓದಬಹುದು. ಟ್ಯಾಬ್ಲೆಟ್ಟಿನಲ್ಲಿ ಎಷ್ಟು ಕಷ್ಟಪಟ್ಟರೂ ಟ್ಯಾಲಿಯ ಪೂರ್ಣ ಅಭ್ಯಾಸ ಸಾಧ್ಯವಿಲ್ಲ.

ಕೊಳ್ಳುವ ಮುನ್ನ ಮುಂದಿನ ಮೂರು ವರ್ಷಗಳಲ್ಲಿ ತಾನು ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದುಕೊಳ್ಳಲಿ. ಅದನ್ನು ಅಧ್ಯಾಪಕರಿಗೊಮ್ಮೆ ತೋರಿಸಲಿ. ಕಾಲೇಜಿನ ಗಣಕಕೋಣೆಯು ಸಂಜೆಯ ಹೊತ್ತು ಇನ್ನೊಂದು ಗಂಟೆ ತೆರೆದಿದ್ದರೆ, ಕೈಯಲ್ಲಿ ಟ್ಯಾಬ್ಲೆಟ್ ಮಾತ್ರ ಇರುವವರ ಕೊರತೆಯೂ ಬಹಳ ಮಟ್ಟಿಗೆ ನೀಗೀತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದರು. ಆದರೆ ಹಾಸಿಗೆಯನ್ನು ಕೊಳ್ಳುವಾಗ ಕಾಲಿನ ಅಳತೆಯನ್ನು ನೋಡಬೇಕೆಂಬುದೂ ಅಷ್ಟೇ ನಿಜ.