ಕೋಣೆಯೇ ವಾದ್ಯ

ನ್ಯೂಯಾರ್ಕ್ ನಗರದ ಚರ್ಚ್ ಸ್ಟ್ರೀಟಿನಲ್ಲಿ 275ನೇ ನಂಬರಿನ ಹಳೆಯ ಕಟ್ಟಡ. ಮೆಟ್ಟಿಲು ಹತ್ತುತ್ತಿರುವಾಗಲೇ ಮೇಲಿನಿಂದ ಮೊರೆತ ಇಳಿದು ಬರುತ್ತದೆ. ಬಾಗಿಲ ಬಳಿ ಪಾದರಕ್ಷೆ ಬಿಟ್ಟು ಒಳಗೆ ಹೋಗಬೇಕು. ಇದು 'ಡ್ರೀಮ್ ಹೌಸ್'. ಲಾ ಮಾಂಟೆ ಯಂಗ್ ಸಂಯೋಜಿಸಿದ ನಾದ, ಅವರ ಪತ್ನಿ ಮೇರಿಯನ್ ಜಜೀಲಾ ರೂಪಿಸಿದ ಬೆಳಕು. ಇಲ್ಲಿ ಅವೆರಡೂ 1993ರಿಂದ ಒಟ್ಟಿಗೆ ಬಾಳುತ್ತಿವೆ.

ಬಿಳಿ ಗೋಡೆ, ಬಿಳಿ ನೆಲಹಾಸು, ಎಲ್ಲವೂ ಕಡುಗುಲಾಬಿ ಬೆಳಕಿನಲ್ಲಿ ಅದ್ದಿಕೊಂಡಿವೆ. ಊದುಬತ್ತಿಯ ಗಂಧ. ವೇದಿಕೆಯಿಲ್ಲ, ಕುರ್ಚಿಯಿಲ್ಲ, ಅಲ್ಲಲ್ಲಿ ದಿಂಬುಗಳಿವೆ. ಸೂರಿನಿಂದ ತೂಗುವ ಸುರುಳಿ ತಗಡುಗಳು ಉಸಿರಿನಷ್ಟು ಗಾಳಿಗೂ ತಿರುಗುತ್ತವೆ. ಅವುಗಳ ಕೆಂಪು, ನೀಲಿ ನೆರಳುಗಳು ಗೋಡೆಯ ಮೇಲೆ ಎಷ್ಟು ಗಟ್ಟಿಯಾಗಿ ನಿಂತಿವೆಯೆಂದರೆ ತಗಡು ಯಾವುದು, ನೆರಳು ಯಾವುದು ಎಂದು ಕಣ್ಣು ತಡವರಿಸುತ್ತದೆ.

ಮೂಲೆಗಳ ದೊಡ್ಡ ಸ್ಪೀಕರುಗಳಿಂದ ಹೊಮ್ಮುತ್ತಿರುವುದು 35 ಶುದ್ಧ ಸ್ವರಗಳು. ರಾಗವಿಲ್ಲ, ತಾಳವಿಲ್ಲ, ಏರಿಳಿತವಿಲ್ಲ. ಬಂದ ಹೊಸತರಲ್ಲಿ ಅದು ಒಂದೇ ಸಮನೆ ಅಬ್ಬರಿಸುವ ಗುಂಯ್‌ಗಾಟ. ಆದರೆ ಕತ್ತನ್ನು ತುಸು ವಾಲಿಸಿದರೆ ಸಾಕು, ಮೇಲಿನ ಸ್ವರವೊಂದು ಮಿಂಚಿ ಮಾಯವಾಗುತ್ತದೆ. ಮತ್ತೆ ವಾಲಿಸಿದರೆ ಇನ್ನೊಂದು. ಎರಡು ಹೆಜ್ಜೆ ನಡೆದರೆ ಬುಡದ ನಾದವೇ ಬೇರೆ. ಅಲ್ಲಾಡದೆ ನಿಂತರೆ ಎಲ್ಲವೂ ನಿಲ್ಲುತ್ತದೆ.

ಕಾರಣ ಇಷ್ಟೇ: ಗೋಡೆಗೆ ಬಡಿದು ಮರಳುವ ನಾದದ ಅಲೆ ಎದುರಿನಿಂದ ಬರುವ ಅಲೆಯನ್ನು ಕೂಡುತ್ತದೆ. ಒಂದೆಡೆ ಎರಡೂ ಸೇರಿ ಉಬ್ಬುತ್ತವೆ, ಇನ್ನೊಂದೆಡೆ ಒಂದನ್ನೊಂದು ಅಳಿಸುತ್ತವೆ. ಸೆಕೆಂಡಿಗೆ 1000 ಸಲ ಕಂಪಿಸುವ ಸ್ವರದ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಅದು ಉಬ್ಬಿದ ಜಾಗಕ್ಕೂ ಅಡಗಿದ ಜಾಗಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ನಾಲ್ಕು ಬೆರಳಗಲ. 60 ಸಲ ಕಂಪಿಸುವ ಸ್ವರದ ಅಲೆಯಾದರೋ ಐದೂವರೆ ಮೀಟರಿಗೂ ಉದ್ದ. ಹಾಗಾಗಿ ಮೇಲಿನ ಸ್ವರಗಳನ್ನು ಕತ್ತು ನುಡಿಸುತ್ತದೆ, ಕೆಳಗಿನವನ್ನು ಕಾಲು ನುಡಿಸುತ್ತದೆ. ಸಂಯೋಜಕ ಸ್ವರಗಳನ್ನು ಹೂಡಿಟ್ಟು ದೂರ ಸರಿದಿದ್ದಾರೆ. ಕೇಳುಗನಿಗೆ ಇಷ್ಟು ದೊಡ್ಡ ಹಕ್ಕು ಕೊಟ್ಟ ಸಂಗೀತ ಬೇರೊಂದನ್ನು ನಾನು ಕಾಣೆ.

ಯಂಗ್ 1935ರಲ್ಲಿ ಅಮೆರಿಕದ ಐಡಹೋ ರಾಜ್ಯದ ಪುಟ್ಟ ಊರೊಂದರಲ್ಲಿ ಹುಟ್ಟಿದವರು. ಮರದ ದಿಮ್ಮಿಯ ಮನೆಯ ಸಂದುಗಳಲ್ಲಿ ನುಗ್ಗುವ ಗಾಳಿ, ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಇವೇ ಅವರ ಮೊದಲ ಶ್ರುತಿಗಳು. 1958ರಲ್ಲಿ ಬರೆದ ತಂತಿವಾದ್ಯಗಳ ತ್ರಯದಲ್ಲೇ ಸ್ವರಗಳು ನಿಮಿಷಗಟ್ಟಲೆ ನಿಲ್ಲುತ್ತವೆ. 1970ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರು ಅಮೆರಿಕಕ್ಕೆ ಬಂದಾಗ ಗಂಡಹೆಂಡತಿ ಇಬ್ಬರೂ ಅವರ ಶಿಷ್ಯರಾದರು. ಪ್ರಾಣನಾಥರ ಗುರು ಕಿರಾಣಾ ಘರಾಣೆಯ ಅಬ್ದುಲ್ ವಾಹಿದ್ ಖಾನ್. ಅದೇ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಒಂದೇ ಬಳ್ಳಿಯ ಕುಡಿಯೊಂದು ಧಾರವಾಡ ಸೀಮೆಯಲ್ಲಿ ಹಬ್ಬಿತು, ಇನ್ನೊಂದು ಈ ಮೆಟ್ಟಿಲು ಹತ್ತಿತು.

ತಂಬೂರಿಯ ಕುದುರೆಯ ಮೇಲೆ, ತಂತಿಯಡಿ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ನಾದ ಅರಳಿಸುವವರನ್ನು ನಮ್ಮ ಕಡೆ ಎಷ್ಟೋ ಜನ ಕಂಡಿದ್ದಾರೆ. ಗಾನ ಮುಗಿದ ಮೇಲೆ ತಂಬೂರಿ ಗವಸಿಗೆ ಸೇರುತ್ತದೆ. ಡ್ರೀಮ್ ಹೌಸಿನಲ್ಲಿ ತಂಬೂರಿಯ ಕೆಲಸವೇ ಕಛೇರಿ, ಅದನ್ನು ಯಾರೂ ಹಿನ್ನೆಲೆಗೆ ತಳ್ಳುವುದಿಲ್ಲ.

ಜಜೀಲಾ 2024ರಲ್ಲಿ ತೀರಿಕೊಂಡರು. ದಂಪತಿಯ ಶಿಷ್ಯೆ ಜಂಗ್ ಹೀ ಚೋಯ್ ಅವರ ಕೃತಿಗಳೂ ಅಲ್ಲಿ ಪ್ರದರ್ಶನಗೊಂಡಿವೆ. ಈ ನಾದವನ್ನು ಮೊಬೈಲಿನಲ್ಲಿ ಹಿಡಿದು ತಂದರೆ ಒಂದು ಜಾಗದ, ಒಂದು ಭಂಗಿಯ ಸ್ವರ ಮಾತ್ರ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಎಷ್ಟು ಕತ್ತು ತಿರುಗಿಸಿದರೂ ಅದು ಬದಲಾಗದು. ಕೇಳಬೇಕೆನ್ನುವವರು ಆ ಕೋಣೆಗೇ ಹೋಗಬೇಕು.