ಮಳೆಯಲ್ಲಿ ಘಟ್ಟ ಇಳಿಯುವುದು

ಮಳೆಗಾಲದಲ್ಲಿ ಬೈಸಿಕಲ್ಲಿನ ಮೇಲೆ ದೂರ ಹೊರಟಿದ್ದೇನೆಂದು ಹೇಳಿದೊಡನೆ ಹಿತೈಷಿಗಳು ಎರಡು ಭಯಗಳನ್ನು ಮುಂದಿಡುತ್ತಾರೆ: ನೆನೆದು ಜ್ವರ ಬಂದೀತು, ಏರು ಹತ್ತಲಾಗದೆ ನಡುದಾರಿಯಲ್ಲಿ ಉಳಿಯಬೇಕಾದೀತು. ಎರಡೂ ಅಂಥ ದೊಡ್ಡ ಸಂಗತಿಗಳಲ್ಲ. ನೆನೆಯುವುದು ಮೊದಲ ಅರ್ಧ ಗಂಟೆಯ ಸಂಕಟ. ಆಮೇಲೆ ನೆನೆಯಲು ಏನೂ ಉಳಿದಿರುವುದಿಲ್ಲ. ಏರಿನಲ್ಲಂತೂ ಮೈ ತಾನಾಗಿ ಬೆಚ್ಚಗಿರುತ್ತದೆ. ನಿಜವಾದ ಅಪಾಯ ಕಾದಿರುವುದು ಇಳಿಜಾರಿನಲ್ಲಿ, ಕಷ್ಟವೆಲ್ಲ ತೀರಿತೆಂದು ಸವಾರ ಹಗುರಾಗುವ ಜಾಗದಲ್ಲಿ.

ಕೆಲವು ವರ್ಷಗಳ ಹಿಂದೆ ಜುಲೈಯಲ್ಲಿ, ಶಿವಮೊಗ್ಗೆಯಿಂದ ಕಡಲತೀರದವರೆಗಿನ ಮೂರು ದಿನಗಳ ಪ್ರವಾಸದ ಎರಡನೆಯ ದಿನ, ನಾನೂ ನನ್ನ ಕಿರಿಯ ಮಿತ್ರರೊಬ್ಬರೂ ತೀರ್ಥಹಳ್ಳಿಯಿಂದ ಆಗುಂಬೆಯ ಮೇಲೆ ಹೆಬ್ರಿಗೆ ಹೋದೆವು. ಸುಮಾರು 60 ಕಿಲೋಮೀಟರುಗಳ ಹಾದಿ. ಬೇಸಿಗೆಯಲ್ಲಾದರೆ ಅರ್ಧ ದಿನದ ಮಾತು. ಮಳೆಯಲ್ಲಿ ಇಡೀ ದಿನ ಹಿಡಿಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ.

ಮೇಗರವಳ್ಳಿ ದಾಟುವವರೆಗೆ ನಮ್ಮನ್ನು ಕಾಡಿದ್ದು ಮಳೆಗಿಂತ ಗಾಳಿ. ನೈಋತ್ಯ ಮಾರುತ ಬೀಸುವ ದಿಕ್ಕಿಗೇ ನಮ್ಮ ಮುಖ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ತಡೆ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಆದ್ದರಿಂದ ಎದುರುಗಾಳಿಯೊಡನೆ ಹಟ ಸಲ್ಲದು. ವೇಗ ತಗ್ಗಿಸಿ, ಬೆನ್ನು ಬಾಗಿಸಿ, ಒಬ್ಬರ ಹಿಂದೊಬ್ಬರು ಸರದಿಯ ಮೇಲೆ ಸಾಗಬೇಕು.

ಅಕ್ಕಪಕ್ಕದ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಬಾಗಿದ ಬೆನ್ನುಗಳ ಮೇಲೆ ಗೊರಬು. ಅಂಚಿನಲ್ಲಿ ನಿಂತವರ ತಲೆಯ ಮೇಲೆ ಕಂಬಳಿಕೊಪ್ಪೆ. ನಾವು ತೊಟ್ಟಿದ್ದ ಪ್ಲಾಸ್ಟಿಕ್ಕಿನ ಕೋಟುಗಳಿಗಿಂತ ಇವು ಬುದ್ಧಿವಂತ ಉಡುಪುಗಳು. ಗೊರಬು ಮೈಗೆ ಅಂಟದೆ ಗಾಳಿಯಾಡಲು ಬಿಡುತ್ತದೆ. ಕೋಟಿನೊಳಗೆ ಬೆವರೇ ಇನ್ನೊಂದು ಮಳೆ. ಉಣ್ಣೆ ಒದ್ದೆಯಾದರೂ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿರಿಸುತ್ತದೆ. ಹತ್ತಿಬಟ್ಟೆ ಒದ್ದೆಯಾದರೆ ಚರ್ಮಕ್ಕೆ ಅಂಟಿ ಮೈಯ ಶಾಖವನ್ನೆಲ್ಲ ಹೀರುತ್ತದೆ.

ಶಾಖದ ಲೆಕ್ಕವೇ ಇಲ್ಲಿ ಮುಖ್ಯ. ತುಳಿಯುವಾಗ ದೇಹ ವೆಚ್ಚ ಮಾಡುವ ಶಕ್ತಿಯಲ್ಲಿ ಕಾಲುಭಾಗ ಮಾತ್ರ ಚಲನೆಯಾಗುತ್ತದೆ, ಉಳಿದುದೆಲ್ಲ ಬಿಸಿ. ಇಳಿಜಾರು ಬಂದೊಡನೆ ತುಳಿಯುವುದು ನಿಲ್ಲುತ್ತದೆ, ಒಲೆ ಆರುತ್ತದೆ. ಅದೇ ಹೊತ್ತಿಗೆ ವೇಗ ಹೆಚ್ಚಿ ಒದ್ದೆ ಮೈಗೆ ಗಾಳಿ ಬಡಿಯುತ್ತದೆ. ಮೊದಲು ಮರಗಟ್ಟುವುದು ಬೆರಳು. ಬ್ರೇಕು ಹಿಡಿಯುವುದೂ ಅದೇ ಬೆರಳು.

1988ರ ಇಟಲಿಯ ಮಹಾಪಂದ್ಯ ಜಿರೋದಲ್ಲಿ, ಗಾವಿಯಾ ಎಂಬ 2,600 ಮೀಟರ್ ಎತ್ತರದ ಕಣಿವೆದಾರಿಯ ಮೇಲೆ ಹಿಮಪಾತವಾಯಿತು. ಡಚ್ ಸವಾರ ಯೋಹಾನ್ ವಾನ್ ಡರ್ ವೆಲ್ಡೆ ಎಲ್ಲರಿಗಿಂತ ಮೊದಲು ನೆತ್ತಿ ಮುಟ್ಟಿದ, ತುಂಡು ತೋಳಿನ ಅಂಗಿಯಲ್ಲಿ. ಇಳಿತದಲ್ಲಿ ಚಳಿ ಅವನನ್ನು ಎಷ್ಟು ಹಣ್ಣು ಮಾಡಿತೆಂದರೆ, ನಡುವೆ ನಿಂತು ಮೈ ಕಾಯಿಸಿಕೊಂಡು ಗುರಿ ತಲಪುವಾಗ ಮುಕ್ಕಾಲು ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದ. ನಮ್ಮ ಘಟ್ಟದಲ್ಲಿ ಹಿಮವಿಲ್ಲ, ನಿಜ. ಆದರೆ ಲೆಕ್ಕ ಒಂದೇ.

ಆಗುಂಬೆಯ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಇದನ್ನೇ ಚರ್ಚಿಸಿದೆವು. ಮಿತ್ರರಿಗೆ ಸವಾರಿ ಮಾಡುತ್ತಲೇ ಇಳಿಯುವ ಆಸೆ. "ಇಷ್ಟು ದೂರ ತುಳಿದು ಬಂದದ್ದೇ ಇದಕ್ಕಲ್ಲವೆ ಸಾರ್?" ಎಂದರು. ನಾನು ನಡೆದೇ ಇಳಿಯೋಣವೆಂದೆ. ಹೋಟೆಲಿನ ಯಜಮಾನರು ಹೊರಗೆ ಬಂದು ನಮ್ಮ ಬೈಸಿಕಲ್ಲುಗಳನ್ನು ನೋಡಿ, "ಬ್ರೇಕು ರಿಮ್ಮಿಗಾ? ಹಾಗಾದರೆ ತಿರುವಿನಲ್ಲಿ ಇಳಿದುಬಿಡಿ ಮಾರಾಯ್ರೆ" ಎಂದು ತೀರ್ಪು ಕೊಟ್ಟರು.

ಅವರ ಮಾತಿನ ಹಿಂದೆ ಶಾಸ್ತ್ರವಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹತ್ತು ಕಿಲೋಮೀಟರಿನೊಳಗೆ ರಸ್ತೆ ಸುಮಾರು 500 ಮೀಟರ್ ಇಳಿಯುತ್ತದೆ, 14 ಹೇರ್‌ಪಿನ್ ತಿರುವುಗಳಲ್ಲಿ. ಸವಾರ, ವಾಹನ, ಗಂಟುಮೂಟೆ ಎಲ್ಲದರ ಭಾರ ಆ ಎತ್ತರದಿಂದ ಗಳಿಸುವ ಶಕ್ತಿಯ ಬಹುಪಾಲನ್ನು ನಾಲ್ಕು ರಬ್ಬರಿನ ತುಂಡುಗಳು ನುಂಗಬೇಕು. ರಿಮ್ಮು ಒದ್ದೆಯಾಗಿದ್ದರೆ ಬ್ರೇಕು ಹಿಡಿದಾಗ ಚಕ್ರದ ಮೊದಲ ಕೆಲವು ಸುತ್ತುಗಳು ನೀರು ಒರೆಸುವುದರಲ್ಲೇ ಕಳೆಯುತ್ತವೆ. ಹಿಡಿತ ಬರುವುದು ಆಮೇಲೆ. ಹಳೆಯ ಉಕ್ಕಿನ ಹೊಳಪು ರಿಮ್ಮುಗಳಲ್ಲಿ ಇನ್ನೂ ತಡ. ಈಗಿನ ಡಿಸ್ಕ್ ಬ್ರೇಕುಗಳು ಚಕ್ರದ ನಡುವಿರುವುದರಿಂದ ಈ ತೊಂದರೆ ಬಹಳ ಕಡಿಮೆ; ನಮ್ಮವು ಅಂಥವಲ್ಲ.

ನೇರವಿದ್ದಲ್ಲಿ ಸವಾರಿ, ತಿರುವಿನಲ್ಲಿ ಕಾಲ್ನಡಿಗೆ ಎಂದು ಒಪ್ಪಂದವಾಯಿತು. ಹೊರಡುವ ಮುನ್ನ ಯಜಮಾನರಲ್ಲಿ ಹಳೆಯ ಪತ್ರಿಕೆಗಳನ್ನು ಕೇಳಿದೆ. "ಓದಲಿಕ್ಕಾ, ಕಟ್ಟಲಿಕ್ಕಾ?" ಎಂದರು. ಎದೆಗೆ ಎಂದಾಗ ನಕ್ಕರು. ಯುರೋಪಿನ ಪಂದ್ಯಗಾರರ ಹಳೆಯ ಉಪಾಯವಿದು: ಕಾಗದದ ಪದರಗಳನ್ನು ಅಂಗಿಯೊಳಗೆ ಇಟ್ಟುಕೊಂಡರೆ ಎದೆಗೆ ಗಾಳಿ ತಟ್ಟದು. ಇಬ್ಬರೂ ಬನಿಯನ್ನಿನ ಮೇಲೆ ನಾಲ್ಕು ನಾಲ್ಕು ಹಾಳೆ ಹರಡಿಕೊಂಡೆವು.

ಮಂಜಿನಲ್ಲಿ ಎಂಟು ಮಾರು ಮುಂದೆ ಕಾಣುತ್ತಿರಲಿಲ್ಲ. ಬ್ರೇಕನ್ನು ಆಗಾಗ ಮೆಲ್ಲನೆ ಒತ್ತಿ ರಿಮ್ಮನ್ನು ಒರೆಸಿಕೊಳ್ಳುತ್ತ, ಪ್ರತಿ ತಿರುವಿನಲ್ಲೂ ಇಳಿದು ಅಂಗೈ ಉಜ್ಜಿಕೊಳ್ಳುತ್ತ ಸಾಗಿದೆವು. ಏಳನೆಯ ತಿರುವಿನಲ್ಲಿ ಮಿನಿ ಬಸ್ಸೊಂದು ದೀಪ ಹಾಕಿಕೊಂಡು ಪೂರ್ತಿ ನಮ್ಮ ಬದಿಗೇ ಹೊರಳಿ ಬಂತು. ನಾವು ಗೋಡೆಗೆ ಒರಗಿ ನಿಂತಿದ್ದೆವು, ಬೈಸಿಕಲ್ಲನ್ನು ಕೈಯಲ್ಲಿ ಹಿಡಿದು. ಅದು ಹೋದ ಮೇಲೆ ಮಿತ್ರರು ಏನೂ ಹೇಳಲಿಲ್ಲ. ಎಂಟನೆಯ ತಿರುವು ಇನ್ನೂ ದೂರವಿರುವಾಗಲೇ ಇಳಿದರು.

ಸೋಮೇಶ್ವರದಲ್ಲಿ ಗಾಳಿ ಒಮ್ಮೆಗೇ ಬೆಚ್ಚಗಾಯಿತು. ಹೆಬ್ರಿಯಲ್ಲಿ ಮೊದಲು ಸರಪಳಿ ಒರೆಸಿ ಎಣ್ಣೆ ಬಿಟ್ಟೆವು, ಆಮೇಲೆ ಸ್ನಾನ. ಪತ್ರಿಕೆ ಮುದ್ದೆಯಾಗಿ ಹೊರಬಂತು. ಮಿತ್ರರ ಬನಿಯನ್ನಿನ ಮೇಲೆ ಯಾವುದೋ ಸಿನಿಮಾ ಜಾಹೀರಾತು ತಿರುಗುಮುರುಗಾಗಿ ಅಚ್ಚಾಗಿತ್ತು.